ಕೆಂಪು ಟೋಪಿ ಈಗ ಯಾರ ಹತ್ತಿರ ಇದೆ?

ಕೆಂಪು ಟೋಪಿ ಅಂದರೆ ಒಂಟಿತನ. ಬಾತುಕೋಳಿ ಅಂದರೆ ಬದಲಾವಣೆ. ಮ್ಯೂಸಿಯಂ ಅಂದರೆ ಬದಲಾಗದ ಬಾಲ್ಯ. ತಿರುಗುವ ಕುದುರೆ ಅಂದರೆ ಕಾಲ. ಇಂಗ್ಲಿಷ್ ಎಂ.ಎ. ಮಾಡಿದವರಿಗೆಲ್ಲ ಈ ಪಟ್ಟಿ ಗೊತ್ತಿರುತ್ತೆ. ಎಡಗಡೆ ವಸ್ತು, ಬಲಗಡೆ ಅರ್ಥ. ‘ಹೊಂದಿಸಿ ಬರೆಯಿರಿ’ ಪ್ರಶ್ನೆಗೆ ಇಷ್ಟು ಸಾಕು. ಗೈಡ್ ಬರೆಯುವವರಿಗೂ ಸುಲಭ, ಪೇಪರ್ ತಿದ್ದುವ ನಮಗೂ ಸುಲಭ.

ಜೆ.ಡಿ. ಸಾಲಿಂಜರ್ ಅವರ ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಬಗ್ಗೆ ಹೇಳುತ್ತಿದ್ದೇನೆ. ಪಟ್ಟಿ ಪೂರ್ತಿ ತಪ್ಪು ಅಂತ ನನ್ನ ವಾದ ಅಲ್ಲ. ಆದರೆ ಪಟ್ಟಿಯಲ್ಲಿ ವಸ್ತುಗಳು ಅಲ್ಲಾಡದೆ ನಿಂತಿರುತ್ತವೆ. ಕಾದಂಬರಿಯಲ್ಲಿ ಅವು ಒಂದು ಕಡೆ ನಿಲ್ಲುವುದೇ ಇಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ, ಒಡೆಯುತ್ತವೆ, ವಾಪಸ್ ಬರುತ್ತವೆ. ಹೋಲ್ಡನ್ ಕಾಲ್‌ಫೀಲ್ಡ್ ಅನ್ನುವ ಈ ಹುಡುಗ ತನ್ನ ಹತ್ತಿರ ಇರುವುದನ್ನೆಲ್ಲ ಯಾರಿಗಾದರೂ ಕೊಡುತ್ತಲೇ ಇರುತ್ತಾನೆ. ಕೋಟು ಕೊಡುತ್ತಾನೆ, ಸ್ವೆಟರ್ ಕೊಡುತ್ತಾನೆ, ದುಡ್ಡು ಕೊಡುತ್ತಾನೆ, ಬೇರೆಯವರಿಗೆ ಪ್ರಬಂಧ ಬರೆದು ಕೊಡುತ್ತಾನೆ. ಬಾಯಲ್ಲಿ ಮಾತ್ರ ಲೋಕದಲ್ಲಿ ಇರುವವರೆಲ್ಲ ಬೋಗಸ್ ಅನ್ನುತ್ತಾನೆ. ಬಾಯಿಗಿಂತ ಕೈಯನ್ನು ನೋಡಬೇಕು ಅನ್ನುವುದಷ್ಟೇ ನನ್ನ ಮಾತು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 1951ರಲ್ಲಿ ಬಂದ ಕಾದಂಬರಿ. ಹೋಲ್ಡನ್‌ಗೆ ಹದಿನಾರು ವರ್ಷ. ಪೆನ್ಸಿಲ್ವೇನಿಯಾದಲ್ಲಿರುವ ಪೆನ್ಸಿ ಅನ್ನುವ ದುಬಾರಿ ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದಾನೆ. ಐದು ವಿಷಯದಲ್ಲಿ ನಾಲ್ಕು ಡುಮ್ಕಿ, ಪಾಸಾಗಿದ್ದು ಇಂಗ್ಲಿಷ್ ಒಂದೇ. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಬರಬೇಡ ಅಂತ ಶಾಲೆಯವರು ಹೇಳಿದ್ದಾರೆ. ಕಾಗದ ಮನೆಗೆ ತಲುಪೋಕೆ ಇನ್ನೂ ಮೂರು ನಾಲ್ಕು ದಿನ ಇದೆ. ಅಷ್ಟರಲ್ಲಿ ಒಂದು ಶನಿವಾರ ರಾತ್ರಿ ಹಾಸ್ಟೆಲ್ ಬಿಟ್ಟು ನ್ಯೂಯಾರ್ಕ್‌ಗೆ ರೈಲು ಹತ್ತುತ್ತಾನೆ. ಅಪ್ಪ ಅಮ್ಮ ಇರುವ ಊರೇ ಅದು, ಆದರೆ ಮನೆಗೆ ಹೋಗುವುದಿಲ್ಲ. ಹೋಟೆಲ್, ಬಾರು, ಪಾರ್ಕು ಅಂತ ಸೋಮವಾರದವರೆಗೆ ಅಲೆಯುತ್ತಾನೆ. ಅಷ್ಟೇ ಕಥೆ.

ನಾನಿರುವುದು ತುಮಕೂರಿನಲ್ಲಿ. ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಭಾನುವಾರ ಸಂಜೆ ನಮ್ಮ ಮನೆ ಮಹಡಿಯ ಮೇಲೆ ಕೆಲವು ಹುಡುಗ ಹುಡುಗಿಯರು ಪುಸ್ತಕ ಓದೋಕೆ ಸೇರುತ್ತಾರೆ. ಸಿಲಬಸ್ ಇಲ್ಲ, ಅಟೆಂಡೆನ್ಸ್ ಇಲ್ಲ, ಚುರುಮುರಿ ಇರುತ್ತೆ. ಈ ಕಾದಂಬರಿಯನ್ನು ಅಲ್ಲಿ ನಿಧಾನವಾಗಿ ಓದಿದೆವು. ತುಮಕೂರು ಹಾಸ್ಟೆಲ್‌ಗಳ ಊರು. ಸಿದ್ಧಗಂಗಾ ಮಠ ಒಂದರಲ್ಲೇ ಸಾವಿರಾರು ಮಕ್ಕಳು ಉಳಿದುಕೊಂಡು ಓದುತ್ತಾರೆ. ಅದರ ಜೊತೆಗೆ ಸರ್ಕಾರಿ ಹಾಸ್ಟೆಲ್, ಸಮುದಾಯದ ಹಾಸ್ಟೆಲ್, ಪಿಯು ಕಾಲೇಜುಗಳ ಪಕ್ಕದ ಪಿಜಿಗಳು. ಹಾಗಾಗಿ ಅರ್ಧರಾತ್ರಿ ಪಕ್ಕದ ರೂಮಿಗೆ ಹೋಗಿ ನಿನ್ನ ಹತ್ತಿರ ಮಲಗಲಾ ಅಂತ ಕೇಳುವ ಹುಡುಗನನ್ನು ಇಲ್ಲಿಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ರಿಸಲ್ಟ್ ಬಂದ ದಿನ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ಕೂರುವವನನ್ನಂತೂ ಬೇಡವೇ ಬೇಡ.

ಮೊದಲು ಗ್ಲೌಸ್ ವಿಷಯ. ಗೈಡ್‌ಗಳಲ್ಲಿ ಟೋಪಿಯೇ ಮೊದಲು ಬರುತ್ತೆ. ನನ್ನ ಲೆಕ್ಕದಲ್ಲಿ ಕಾದಂಬರಿ ನಿಂತಿರುವುದು ಗ್ಲೌಸ್ ಮೇಲೆ.

ಹೋಲ್ಡನ್‌ಗೆ ಆಲಿ ಅಂತ ಒಬ್ಬ ತಮ್ಮ ಇದ್ದ. ಎರಡು ವರ್ಷ ಚಿಕ್ಕವನು. ಕೆಂಪು ಕೂದಲು. ತುಂಬಾ ಜಾಣ, ಯಾರ ಮೇಲೂ ಸಿಟ್ಟಾಗದ ಹುಡುಗ. 1946ರ ಜುಲೈ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಆಗ ಹೋಲ್ಡನ್‌ಗೆ ಹದಿಮೂರು. ಆ ರಾತ್ರಿ ಅವನು ಗ್ಯಾರೇಜಿನಲ್ಲಿ ಮಲಗಿ, ಅಲ್ಲಿಯ ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಆಸ್ಪತ್ರೆಗೆ ಸೇರಿಸಬೇಕಾಯಿತು. ತಮ್ಮನ ಅಂತ್ಯಕ್ರಿಯೆಗೂ ಹೋಗಲಿಲ್ಲ. ಈಗಲೂ ಮಳೆ ಬಂದರೆ ಆ ಕೈ ನೋಯುತ್ತೆ. ಮುಷ್ಟಿ ಸರಿಯಾಗಿ ಕಟ್ಟಲು ಬರುವುದಿಲ್ಲ. ಈ ಕೈಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೊಡುವ ಕೈ ಇದೇ.

ಬೇಸ್‌ಬಾಲ್‌ನಲ್ಲಿ ಫೀಲ್ಡಿಂಗ್ ಮಾಡುವವರೆಲ್ಲ ಒಂದು ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕುತ್ತಾರೆ. ಆಲಿ ಎಡಚ. ತನ್ನ ಗ್ಲೌಸಿನ ತುಂಬಾ, ಬೆರಳುಗಳ ಮೇಲೆಲ್ಲ, ಹಸಿರು ಇಂಕಿನಲ್ಲಿ ಪದ್ಯ ಬರೆದುಕೊಂಡಿದ್ದ. ಬ್ಯಾಟಿಂಗಿಗೆ ಯಾರೂ ಬಾರದೆ ಸುಮ್ನೆ ನಿಂತಿರುವಾಗ ಓದಿಕೊಳ್ಳೋಕೆ. ಆಟಕ್ಕೆ ಹೋದರೂ ಪದ್ಯ ಬಿಡದ ಹುಡುಗ. ಒಂದು ಕಡೆ ಅಣ್ಣ ಡಿ.ಬಿ. ಅವನನ್ನು ಕರೆದು, ಆ ಗ್ಲೌಸ್ ತರಿಸಿ, ಒಂದು ಪ್ರಶ್ನೆ ಕೇಳುತ್ತಾನೆ. ಯುದ್ಧದ ಬಗ್ಗೆ ಚೆನ್ನಾಗಿ ಬರೆದವರು ಯಾರು? ಯುದ್ಧಕ್ಕೆ ಹೋಗಿದ್ದ ರೂಪರ್ಟ್ ಬ್ರೂಕ್ ಕವಿಯೋ, ಮನೆ ಬಿಟ್ಟು ಹೊರಗೆ ಹೋಗದ ಎಮಿಲಿ ಡಿಕಿನ್ಸನ್ನೋ? ಆಲಿ ಎಮಿಲಿ ಡಿಕಿನ್ಸನ್ ಅನ್ನುತ್ತಾನೆ. ನಾನು ಪದ್ಯ ಅಷ್ಟಾಗಿ ಓದಲ್ಲ, ಇದರ ಬಗ್ಗೆ ಜಾಸ್ತಿ ಗೊತ್ತಿಲ್ಲ ಅನ್ನುತ್ತಾನೆ ಹೋಲ್ಡನ್. ಸಾಲಿಂಜರ್ ಸ್ವತಃ 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕ. ಯುದ್ಧ ಮುಗಿದ ಮೇಲೆ ಮನಸ್ಸು ಕುಸಿದು ಆಸ್ಪತ್ರೆ ಸೇರಿದ್ದರು. ಅಂಥವರು ಬರೆದ ಕಾದಂಬರಿಯಲ್ಲಿ ಯುದ್ಧ ಇಷ್ಟೇ ಇಷ್ಟು. ಸತ್ತ ತಮ್ಮನ ಗ್ಲೌಸ್ ಮಾತ್ರ ಇದೆ. ಆಲಿಯ ಉತ್ತರದಲ್ಲೇ ಲೇಖಕ ತಾನು ಹಿಡಿದ ದಾರಿಯನ್ನು ಹೇಳಿಬಿಟ್ಟಿದ್ದಾರೆ ಅನಿಸುತ್ತೆ.

ಈ ಗ್ಲೌಸನ್ನು ಹೋಲ್ಡನ್ ಹಾಸ್ಟೆಲ್‌ಗೂ ತಂದಿಟ್ಟುಕೊಂಡಿದ್ದಾನೆ, ಸೂಟ್‌ಕೇಸಿನಲ್ಲಿ. ರೂಮ್‌ಮೇಟ್ ಸ್ಟ್ರಾಡ್‌ಲೇಟರ್ ಒಂದು ಹುಡುಗಿ ಜೊತೆ ಸುತ್ತೋಕೆ ಹೊರಟಿದ್ದಾನೆ. ಹೋಗುವ ಮುಂಚೆ ಹೋಲ್ಡನ್‌ನ ಕೋಟು ಕೇಳಿ ಪಡೆಯುತ್ತಾನೆ. ಜೊತೆಗೆ, ನನಗೊಂದು ಪ್ರಬಂಧ ಬರೆದಿಡು, ರೂಮು, ಮನೆ, ಏನಾದರೂ ವರ್ಣನೆ ಇರಲಿ ಅನ್ನುತ್ತಾನೆ. ಆ ಹುಡುಗಿ ಜೇನ್. ಹೋಲ್ಡನ್‌ಗೆ ಇಷ್ಟವಾದವಳು, ಗೆಳತಿ. ಚೆಕರ್ಸ್ ಅನ್ನುವ ಮಣೆ ಆಟ ಆಡುವಾಗ ತನ್ನ ರಾಜರನ್ನೆಲ್ಲ ಹಿಂದಿನ ಸಾಲಿನಲ್ಲೇ ಇಟ್ಟುಕೊಂಡು ಮುಂದೆ ತರದವಳು. ಅಂಥವಳ ಜೊತೆ ಹೋಗುತ್ತಿರುವವನಿಗೆ ಕೋಟನ್ನೂ ಕೊಟ್ಟು, ಕೂತು ಪ್ರಬಂಧವನ್ನೂ ಬರೆಯುತ್ತಾನೆ. ಯಾವುದರ ಬಗ್ಗೆ? ಆಲಿಯ ಗ್ಲೌಸ್ ಬಗ್ಗೆ.

ಇಲ್ಲಿ ನಮ್ಮ ಗುಂಪಿನ ಒಬ್ಬ ಹುಡುಗ ಪುಸ್ತಕ ಮುಚ್ಚಿ, ‘ಮೇಡಂ, ಯಾರಿಗೂ ತೋರಿಸದ್ದನ್ನ ಅವನಿಗೆ ಯಾಕೆ ಕೊಟ್ಟ?’ ಅಂದ. ಸರಿಯಾದ ಪ್ರಶ್ನೆ. ಮನೆಯವರನ್ನು ಬಿಟ್ಟು ಜೇನ್ ಒಬ್ಬಳಿಗೇ ಆ ಗ್ಲೌಸ್ ತೋರಿಸಿದ್ದು ಅಂತ ಹೋಲ್ಡನ್ ಹೇಳುತ್ತಾನೆ. ಈಗ ಅದರ ವರ್ಣನೆಯನ್ನು ಒಬ್ಬ ಉಡಾಳನ ಹೋಂವರ್ಕ್‌ನಲ್ಲಿ ಇಡುತ್ತಾನೆ. ನನಗೆ ಅನಿಸುವುದು, ಆ ವರ್ಣನೆ ಯಾರ ಕೈಗಾದರೂ ಹೋಗಬೇಕಿತ್ತು. ಒಳಗೇ ಇಟ್ಟುಕೊಂಡು ಇಟ್ಟುಕೊಂಡು ಅವನಿಗೆ ಸಾಕಾಗಿದೆ. ಸ್ಟ್ರಾಡ್‌ಲೇಟರ್ ಬಂದು ಓದಿ, ಇದೇನೋ, ಗ್ಲೌಸ್ ಬಗ್ಗೆ ಬರೆದಿದ್ದೀಯ, ಅಂತ ರೇಗುತ್ತಾನೆ. ಹೋಲ್ಡನ್ ಅದನ್ನು ಕಸಿದುಕೊಂಡು ಹರಿದು ಹಾಕುತ್ತಾನೆ. ಕೊಟ್ಟಿದ್ದು ತಲುಪಲಿಲ್ಲ. ಕಾದಂಬರಿಯಲ್ಲಿ ಮುಂದೆ ಆಗುವುದೆಲ್ಲ ಇದೇ ಪ್ರಯತ್ನ ಮತ್ತೆ ಮತ್ತೆ.

ಒಂದು ಸಣ್ಣ ವಿವರ. ಆ ಪ್ರಬಂಧ ಬರೆಯೋಕೆ ಕೂರುವ ಮುಂಚೆ ಅವನು ಕೆಂಪು ಟೋಪಿ ಹಾಕಿಕೊಳ್ಳುತ್ತಾನೆ. ಟೋಪಿಗೆ ಆಮೇಲೆ ಬರುತ್ತೇನೆ.

ಈಗ ಬಾತುಕೋಳಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ದಕ್ಷಿಣದ ತುದಿಯಲ್ಲಿ ಒಂದು ಕೊಳ ಇದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಬಾತುಗಳು ಎಲ್ಲಿಗೆ ಹೋಗುತ್ತವೆ? ಯಾರಾದರೂ ಲಾರಿ ತಂದು ತುಂಬಿಕೊಂಡು ಹೋಗುತ್ತಾರಾ, ಅಥವಾ ಅವೇ ಹಾರಿ ಹೋಗುತ್ತವಾ? ಹಿಸ್ಟರಿ ಮೇಷ್ಟ್ರು ಸ್ಪೆನ್ಸರ್ ಬೈಯುತ್ತಿರುವಾಗಲೂ ಇದೇ ಯೋಚನೆ ತಲೆಯಲ್ಲಿ ಓಡುತ್ತೆ. ಆಮೇಲೆ ಒಬ್ಬ ಟ್ಯಾಕ್ಸಿಯವನನ್ನು ಕೇಳುತ್ತಾನೆ. ಅವನು ತಮಾಷೆ ಮಾಡ್ತಿದ್ದಾನೆ ಅಂದುಕೊಳ್ಳುತ್ತಾನೆ. ಇನ್ನೊಬ್ಬ ಟ್ಯಾಕ್ಸಿಯವ, ಹಾರ್ವಿಟ್ಜ್, ರೇಗಿಬಿಡುತ್ತಾನೆ. ಬಾತು ಬಿಡು, ಮೀನಿನ ಕಥೆ ಕೇಳು ಅನ್ನುತ್ತಾನೆ. ಮೀನು ಹಿಮದೊಳಗೇ ಇರುತ್ತೆ, ಪ್ರಕೃತಿ ತಾಯಿ ನೋಡಿಕೊಳ್ಳುತ್ತಾಳೆ ಅಂತ ವಾದಿಸುತ್ತಾನೆ. ನಮ್ಮ ಗುಂಪು ಅತಿ ಜಾಸ್ತಿ ನಕ್ಕಿದ್ದು ಈ ಹಾರ್ವಿಟ್ಜ್ ಮಾತಿಗೆ. ತುಮಕೂರಿನ ಆಟೋ ಸ್ಟ್ಯಾಂಡಿನಲ್ಲೂ ಇಂಥವರು ಇದ್ದಾರೆ. ಕೇಳಿದ ಪ್ರಶ್ನೆ ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ.

ಶಿರಾ ಕಡೆಯ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳ ಅಜ್ಜಿ ಊರು ಕಗ್ಗಲಡು ಪಕ್ಕ. ಕಗ್ಗಲಡು ಗೊತ್ತಲ್ಲ? ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಬೂದು ಬಕಗಳೂ ಬರುತ್ತವೆ. ಮನೆಗಳ ಮಗ್ಗುಲಲ್ಲೇ ಮರ, ಮರದ ತುಂಬಾ ಹಕ್ಕಿ, ಕೆಳಗೆ ದನ ಕಟ್ಟಿರುತ್ತಾರೆ. ಸುತ್ತಲಿನ ಕೆರೆಯಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಹಕ್ಕಿ. ಶಿರಾ ಸೀಮೆ ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಮರಗಳು ಬರಿದಾಗಿರುತ್ತವೆ. ಆಗ ಅವಳ ಅಜ್ಜಿ ಬೆಳಗ್ಗೆ ಎದ್ದು ಮೇಲೆ ನೋಡಿ, ‘ಎಲ್ ಹೋದ್ವೋ ಏನೋ’ ಅನ್ನುತ್ತಿದ್ದರಂತೆ. ಉತ್ತರ ಬೇಕು ಅಂತಲ್ಲ. ‘ಅಜ್ಜಿ ಕೇಳ್ತಿದ್ದಿದ್ದು ಹಕ್ಕಿ ವಿಷಯ ಮಾತ್ರ ಅಲ್ಲ ಮೇಡಂ. ನಮ್ಮ ಮಾವ ಬೆಂಗಳೂರಿಗೆ ಹೋದವರು ಆಗ ಬರ್ತಾನೇ ಇರಲಿಲ್ಲ’ ಅಂದಳು ಹುಡುಗಿ.

ಬಾತುಕೋಳಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಹತ್ತಿರ ಬಂದಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕೊನೆಗೊಮ್ಮೆ ಹೋಲ್ಡನ್ ಕುಡಿದು, ನಡುರಾತ್ರಿ, ಆ ಕೊಳವನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಅರ್ಧ ಹೆಪ್ಪುಗಟ್ಟಿದೆ, ಅರ್ಧ ಇಲ್ಲ. ಸುತ್ತಲೂ ಹುಡುಕಿದರೂ ಒಂದು ಬಾತೂ ಇಲ್ಲ. ಬೆಂಚಿನ ಮೇಲೆ ಕೂರುತ್ತಾನೆ. ಒದ್ದೆ ಕೂದಲಲ್ಲಿ ಹಿಮ ಕಟ್ಟಿದೆ. ನ್ಯುಮೋನಿಯಾ ಬಂದು ಸಾಯುತ್ತೇನೆ ಅಂದುಕೊಳ್ಳುತ್ತಾನೆ. ಅಲ್ಲಿಂದ ಯೋಚನೆ ನೇರ ಆಲಿಯ ಸಮಾಧಿಗೆ ಹೋಗುತ್ತೆ. ಅಪ್ಪ ಅಮ್ಮನ ಜೊತೆ ಸ್ಮಶಾನಕ್ಕೆ ಹೋಗಿದ್ದಾಗ ಮಳೆ ಬಂತು. ನೋಡೋಕೆ ಬಂದವರೆಲ್ಲ ಓಡಿ ಹೋಗಿ ಕಾರಿನಲ್ಲಿ ಕೂತರು. ರೇಡಿಯೋ ಹಾಕಿಕೊಂಡು ಎಲ್ಲಾದರೂ ಊಟಕ್ಕೆ ಹೋಗಬಹುದು ಅವರು. ಎಲ್ಲರೂ ಹೋಗಬಹುದು, ಆಲಿ ಒಬ್ಬನನ್ನು ಬಿಟ್ಟು. ಇದು ಅವನಿಗೆ ತಡೆಯಲಾಗದ ಸಂಗತಿ.

ಅಂದರೆ ಬಾತು ‘ಬದಲಾವಣೆ’ಯೂ ಅಲ್ಲ, ಮಣ್ಣೂ ಅಲ್ಲ. ಕಾಣೆಯಾದವರನ್ನು ಯಾರಾದರೂ ನೋಡಿಕೊಳ್ಳುತ್ತಾರಾ ಅನ್ನುವುದು ಅವನ ಪ್ರಶ್ನೆ. ತಮ್ಮನ ಹೆಸರು ಹೇಳಿ ಕೇಳೋಕೆ ಬಾಯಿ ಬರುವುದಿಲ್ಲ. ಟ್ಯಾಕ್ಸಿಯವನ ಹತ್ತಿರ ಬಾತಿನ ಹೆಸರು ಹೇಳಿ ಕೇಳುತ್ತಾನೆ. ಬಾತುಗಳಾದರೆ ಹಾರಬಲ್ಲವು, ಮಳೆ ಬಂದಾಗ ಜನರೂ ಓಡಬಲ್ಲರು.

ಇದೇ ಕೊಳದ ಹತ್ತಿರ ಇನ್ನೊಂದು ವಸ್ತು ಒಡೆಯುತ್ತೆ. ತಂಗಿ ಫೀಬಿಗೆ ಅಂತ ಐದು ಡಾಲರ್ ಕೊಟ್ಟು, ಒಂದು ಹಳೇ ಗ್ರಾಮಫೋನ್ ರೆಕಾರ್ಡ್ ತಂದಿರುತ್ತಾನೆ. ಕುಡಿದ ಅಮಲಿನಲ್ಲಿ ಕೈಜಾರಿ ಬೀಳಿಸುತ್ತಾನೆ. ಚೂರು ಚೂರು. ಅಳು ಬರುತ್ತೆ. ಆದರೆ ಬಿಸಾಕುವುದಿಲ್ಲ. ಚೂರುಗಳನ್ನು ಆಯ್ದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಕದ್ದು ಮನೆಗೆ ಹೋಗಿ ಫೀಬಿಯನ್ನು ಎಬ್ಬಿಸಿ, ನಿನಗೆ ರೆಕಾರ್ಡ್ ತಂದಿದ್ದೆ, ಒಡೆದುಹೋಯಿತು ಅನ್ನುತ್ತಾನೆ. ಹತ್ತು ವರ್ಷದ ಆ ಮಗು ಏನು ಮಾಡುತ್ತೆ ಗೊತ್ತಾ? ಚೂರುಗಳನ್ನು ಕೊಡು, ನಾನು ಇಟ್ಟುಕೊಳ್ಳುತ್ತೇನೆ ಅಂತ ಕೈಚಾಚಿ, ಇಸಿದುಕೊಂಡು, ಡ್ರಾಯರಿನಲ್ಲಿ ಇಡುತ್ತೆ. ಅಯ್ಯೋ ಪಾಪ ಅನ್ನುವುದಿಲ್ಲ, ಬೇರೆ ತರೋಣ ಬಿಡು ಅಂತಲೂ ಅನ್ನುವುದಿಲ್ಲ. ಸ್ಟ್ರಾಡ್‌ಲೇಟರ್ ಪೂರ್ತಿ ಇದ್ದ ಪ್ರಬಂಧವನ್ನು ಬೇಡ ಅಂದ. ಫೀಬಿ ಒಡೆದ ರೆಕಾರ್ಡನ್ನು ತೆಗೆದುಕೊಂಡಳು. ಕಾದಂಬರಿಯಲ್ಲಿ ಕೊಟ್ಟಿದ್ದು ಮೊದಲ ಸಲ ತಲುಪುವುದು ಇಲ್ಲೇ. ರೆಕಾರ್ಡ್ ಅಂದರೆ ‘ಮುಗ್ಧತೆಯ ನಾಶ’ ಅಂತ ಗೈಡ್ ಬರೆಯುತ್ತೆ. ನಾಶ ಆದದ್ದನ್ನು ಯಾರೋ ಇಟ್ಟುಕೊಂಡರು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ.

ಮ್ಯೂಸಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಎಸ್ಕಿಮೋ ಮೀನು ಹಿಡಿಯುತ್ತಲೇ ಇರುತ್ತಾನೆ, ಹಕ್ಕಿಗಳು ದಕ್ಷಿಣಕ್ಕೆ ಹಾರುತ್ತಲೇ ಇರುತ್ತವೆ. ಏನೂ ಬದಲಾಗಲ್ಲ, ನೋಡೋಕೆ ಹೋಗುವವರು ಮಾತ್ರ ಬದಲಾಗಿರುತ್ತಾರೆ. ಇದನ್ನು ಹೋಲ್ಡನ್ ಬಾಯಿಬಿಟ್ಟೇ ಹೇಳಿಬಿಡುತ್ತಾನೆ, ನಾವು ಅರ್ಥ ಹೇಳಬೇಕಾಗಿಲ್ಲ. ಅಷ್ಟು ದೂರ ನಡೆದು ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ ಬರುತ್ತಾನೆ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮಮ್ಮಿಗಳು. ಹಿಸ್ಟರಿ ಪರೀಕ್ಷೆಯಲ್ಲಿ ಈಜಿಪ್ಟ್ ಬಗ್ಗೆ ಬರೆ ಅಂದರೆ ಹೋಲ್ಡನ್ ಬರೆದಿದ್ದು ಕೆಲವೇ ಸಾಲು. ಸತ್ತವರ ಮುಖ ನೂರಾರು ವರ್ಷ ಕೊಳೆಯದ ಹಾಗೆ ಅವರು ಏನು ಹಚ್ಚಿ ಸುತ್ತುತ್ತಿದ್ದರು ಅನ್ನುವುದು ಗೊತ್ತಾಗಬೇಕಿದೆ, ಅದರ ತಿರುಳು ಇಷ್ಟೇ. ಪಿರಮಿಡ್ ಇಲ್ಲ, ನೈಲ್ ನದಿ ಇಲ್ಲ, ರಾಜರಿಲ್ಲ. ಸ್ಪೆನ್ಸರ್ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಅವಮಾನ ಮಾಡುತ್ತಾರೆ. ಪಾಠವೆಲ್ಲ ಮರೆತು, ಸತ್ತವರನ್ನು ಹೇಗೆ ಇಟ್ಟುಕೊಳ್ಳುತ್ತಿದ್ದರು ಅನ್ನುವುದೊಂದನ್ನೇ ನೆನಪಿಟ್ಟುಕೊಂಡ ಹುಡುಗನಿಗೆ ಏನಾಗಿದೆ ಅಂತ ಮೇಷ್ಟ್ರು ಕೇಳಬೇಕಿತ್ತು, ಅಲ್ವಾ? ಪೇಪರ್ ತಿದ್ದುವವರು ಯಾರೂ ಕೇಳುವುದಿಲ್ಲ. ಕಟ್ಟು ದೊಡ್ಡದಿರುತ್ತೆ, ಟೈಮ್ ಇರಲ್ಲ. ಆಮೇಲೆ ಇನ್ನೊಂದು ಮ್ಯೂಸಿಯಂನಲ್ಲಿ ಇಬ್ಬರು ಪುಟ್ಟ ಹುಡುಗರಿಗೆ ಅವನೇ ಮಮ್ಮಿಗಳ ವಿಷಯ ವಿವರಿಸುತ್ತಾನೆ, ಮೇಷ್ಟ್ರ ಹಾಗೆ. ಹುಡುಗರು ಹೆದರಿ ಓಡಿಹೋಗುತ್ತಾರೆ. ಒಬ್ಬನೇ ಉಳಿದಾಗ, ಗೋರಿಯ ಗೋಡೆಯ ಮೇಲೂ ಯಾರೋ ಕೆಂಪು ಬಳಪದಲ್ಲಿ ಕೊಳಕು ಬೈಗುಳ ಗೀಚಿರುವುದು ಕಾಣುತ್ತೆ.

ಸರಿ, ಟೋಪಿ. ಕೆಂಪು ಬಣ್ಣದ, ಬೇಟೆಗಾರರು ಹಾಕುವ ಟೋಪಿ. ಒಂದು ಡಾಲರಿಗೆ ಕೊಂಡಿದ್ದು. ಕತ್ತಿವರಸೆ ತಂಡದ ಸಾಮಾನೆಲ್ಲ ರೈಲಿನಲ್ಲಿ ಮರೆತುಬಂದು ಎಲ್ಲರಿಂದ ಬೈಸಿಕೊಂಡ ದಿನ ಕೊಂಡಿದ್ದು. ಹಿಂದುಮುಂದಾಗಿ ಹಾಕಿಕೊಳ್ಳುತ್ತಾನೆ. ಪಕ್ಕದ ರೂಮಿನ ಆಕ್ಲಿ ಇದು ಜಿಂಕೆ ಹೊಡೆಯುವವರ ಟೋಪಿ ಅಂದರೆ, ಇಲ್ಲ, ನಾನು ಇದನ್ನು ಹಾಕಿಕೊಂಡು ಮನುಷ್ಯರನ್ನು ಹೊಡೆಯುತ್ತೇನೆ ಅನ್ನುತ್ತಾನೆ. ಈ ಮಾತನ್ನು ಹಿಡಿದುಕೊಂಡು ಟೋಪಿ ಅಂದರೆ ಲೋಕದ ಮೇಲಿನ ಬಂಡಾಯ, ತಾನು ಬೇರೆ ಅನ್ನುವ ಘೋಷಣೆ ಅಂತ ಪುಟಗಟ್ಟಲೆ ಬರೆದಿದ್ದಾರೆ.

ಆದರೆ ಹೋಟೆಲಿಗೆ ಹೋಗುವಾಗ ಏನು ಮಾಡುತ್ತಾನೆ ನೋಡಿ. ಟ್ಯಾಕ್ಸಿಯಲ್ಲಿ ಹಾಕಿಕೊಂಡಿದ್ದ ಟೋಪಿಯನ್ನು ರಿಸೆಪ್ಷನ್ ಬರುವ ಮುಂಚೆ ತೆಗೆದುಬಿಡುತ್ತಾನೆ. ಜನ ನೋಡಿ ತಲೆಕೆಟ್ಟವನು ಅಂದುಕೊಂಡಾರು ಅಂತ. ಬಂಡಾಯದ ಬಾವುಟ ಆಗಿದ್ದರೆ ಜೇಬಿಗೆ ಹಾಕುತ್ತಿದ್ದನಾ? ಯಾವಾಗ ಹಾಕಿಕೊಳ್ಳುತ್ತಾನೆ ಅಂತ ಗುರುತು ಹಾಕುತ್ತಾ ಹೋದರೆ ಬೇರೆಯೇ ಚಿತ್ರ ಸಿಗುತ್ತೆ. ಆಲಿಯ ಬಗ್ಗೆ ಬರೆಯುವಾಗ. ಸ್ಟ್ರಾಡ್‌ಲೇಟರ್ ಹತ್ತಿರ ಮೂಗಿಗೆ ಗುದ್ದಿಸಿಕೊಂಡು ರಕ್ತ ಸುರಿಯುವಾಗ. ಅಳುತ್ತಾ ಹಾಸ್ಟೆಲ್ ಬಿಡುವಾಗ. ಆಲಿಯ ಕೂದಲು ಕೆಂಪು, ಫೀಬಿಯ ಕೂದಲೂ ಸ್ವಲ್ಪ ಹಾಗೇ. ಹೋಲ್ಡನ್ ತಲೆಯಲ್ಲಿ ಒಂದು ಕಡೆ ಆಗಲೇ ನರೆ ಬಂದಿದೆ. ಅವನು ಬಿಳಿಕೂದಲ ಮೇಲೆ ತಮ್ಮ ತಂಗಿಯ ಬಣ್ಣ ಹಾಕಿಕೊಳ್ಳುತ್ತಿದ್ದಾನೆ. ಬಿಡಿ, ಇದೂ ಒಂದು ‘ಹೊಂದಿಸಿ ಬರೆಯಿರಿ’ ಆಗಬಹುದು. ಮುಖ್ಯ ಅಂದರೆ ಟೋಪಿ ಮುಂದೆ ಎಲ್ಲಿಗೆ ಹೋಗುತ್ತೆ ಅನ್ನುವುದು.

ಫೀಬಿಯ ರೂಮಿನಿಂದ ಹೊರಡುವಾಗ ಖರ್ಚಿಗೆ ದುಡ್ಡಿಲ್ಲ. ತಂಗಿ ಕ್ರಿಸ್‌ಮಸ್‌ಗೆ ಅಂತ ಕೂಡಿಟ್ಟ ಎಂಟು ಡಾಲರ್ ಚಿಲ್ಲರೆಯನ್ನು ಪೂರ್ತಿ ಕೊಟ್ಟುಬಿಡುತ್ತಾಳೆ. ಆಗ ಅವನು ಅಳುತ್ತಾನೆ. ತಡೆಯೋಕೇ ಆಗುವುದಿಲ್ಲ. ಹಿಂದಿನ ದಿನ ಇಬ್ಬರು ಕ್ರೈಸ್ತ ಸನ್ಯಾಸಿನಿಯರಿಗೆ ಹತ್ತು ಡಾಲರ್ ಕೊಟ್ಟು, ಇನ್ನೂ ಕೊಡಬೇಕಿತ್ತು ಅಂತ ಕೊರಗಿದವನು. ಕೊಡುವುದು ಅವನಿಗೆ ಅಭ್ಯಾಸ. ತೆಗೆದುಕೊಳ್ಳುವುದು ಗೊತ್ತಿಲ್ಲ. ಅತ್ತು ಮುಗಿಸಿ, ಜೇಬಿನಿಂದ ಟೋಪಿ ತೆಗೆದು ಅವಳಿಗೆ ಕೊಡುತ್ತಾನೆ.

ಅವನು ಕೊಟ್ಟ ಇನ್ನೊಂದು ಬಟ್ಟೆಯ ವಿಷಯ ಕಾದಂಬರಿಯಲ್ಲಿ ಎಲ್ಲಕ್ಕಿಂತ ಕರಾಳ. ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಜೇಮ್ಸ್ ಕಾಸಲ್ ಅಂತ ಒಬ್ಬ ಬಡಕಲು ಹುಡುಗ. ಒಬ್ಬ ದೊಡ್ಡಸ್ತಿಕೆಯವನನ್ನು ಏನೋ ಅಂದ. ಆರೇಳು ಜನ ಅವನ ರೂಮಿಗೆ ನುಗ್ಗಿ, ಮಾತು ವಾಪಸ್ ತಗೋ ಅಂತ ಹಿಂಸೆ ಕೊಟ್ಟರು. ಅವನು ವಾಪಸ್ ತೆಗೆದುಕೊಳ್ಳಲಿಲ್ಲ. ಕಿಟಕಿಯಿಂದ ಹಾರಿದ. ಬಿದ್ದು ಸತ್ತಾಗ ಮೈಮೇಲೆ ಇದ್ದಿದ್ದು ಹೋಲ್ಡನ್ ಸ್ವೆಟರ್. ಅಷ್ಟೇನೂ ಗೆಳೆತನ ಇರಲಿಲ್ಲ, ಕೇಳಿದ, ಕೊಟ್ಟಿದ್ದ. ಹಾಸ್ಟೆಲ್ ಜೀವನ ಗೊತ್ತಿರುವ ನಮ್ಮ ಗುಂಪಿನ ಹುಡುಗರು ಈ ಪುಟ ಓದಿದ ಮೇಲೆ ಆ ಭಾನುವಾರ ಬೇರೆ ಏನೂ ಮಾತಾಡಲಿಲ್ಲ. ಆಂಟೊಲೀನಿ ಅನ್ನುವ ಮೇಷ್ಟ್ರು ಒಬ್ಬರು ಬಂದು, ಆ ಹುಡುಗನ ಮೇಲೆ ತಮ್ಮ ಕೋಟು ಹೊದಿಸಿ, ಎತ್ತಿಕೊಂಡು ಹೋದರು. ಕೋಟಿಗೆ ರಕ್ತ ಆಗುತ್ತೆ ಅಂತ ನೋಡಲಿಲ್ಲ.

ಇದು ಗೊತ್ತಿದ್ದರೆ ಆ ಪ್ರಸಿದ್ಧ ಹೊಲದ ಚಿತ್ರ ಪೂರ್ತಿ ಬೇರೆ ಥರ ಕಾಣುತ್ತೆ. ನೀನು ಏನಾಗಬೇಕು ಅಂತಿದ್ದೀಯ ಅಂತ ಫೀಬಿ ಕೇಳುತ್ತಾಳೆ. ಒಂದು ದೊಡ್ಡ ರೈ ಹೊಲ, ಅದರಲ್ಲಿ ಸಾವಿರಾರು ಮಕ್ಕಳು ಆಡುತ್ತಿದ್ದಾರೆ, ಹೊಲದ ಅಂಚಿನಲ್ಲಿ ಪ್ರಪಾತ. ದಾರಿ ನೋಡದೆ ಓಡಿ ಬರುವ ಮಕ್ಕಳು ಬೀಳದ ಹಾಗೆ ಹಿಡಿದುಕೊಳ್ಳುವುದು ನನ್ನ ಕೆಲಸ ಆಗಬೇಕು ಅನ್ನುತ್ತಾನೆ. ರಾಬರ್ಟ್ ಬರ್ನ್ಸ್ ಪದ್ಯ ಒಂದನ್ನು ತಪ್ಪಾಗಿ ನೆನಪಿಟ್ಟುಕೊಂಡು ಕಟ್ಟಿದ ಕನಸು ಅದು. ಫೀಬಿ ಅಲ್ಲೇ ತಿದ್ದುತ್ತಾಳೆ. ಓದುವಾಗ ನಮ್ಮ ರಾಗಿ ಹೊಲ ಊಹಿಸಿಕೊಳ್ಳಬೇಡಿ. ರಾಗಿ ಸೊಂಟದವರೆಗೆ, ಅಂಚು ದೂರದಿಂದಲೇ ಕಾಣುತ್ತೆ. ರೈ ಪೈರು ಮಕ್ಕಳ ತಲೆ ಮುಚ್ಚುವಷ್ಟು ಬೆಳೆಯುತ್ತೆ. ಕೊರಟಗೆರೆ ಕಡೆಯ ಮುಸುಕಿನ ಜೋಳದ ಹೊಲದ ಹಾಗೆ, ಒಳಗೆ ಹೊಕ್ಕವರಿಗೆ ಎದುರು ಏನಿದೆ ಅಂತ ಕಾಣಲ್ಲ.

ಪ್ರಪಾತ ಅಂದರೆ ‘ದೊಡ್ಡವರ ಲೋಕ’ ಅನ್ನುತ್ತಾರೆ. ಇರಬಹುದು. ಆದರೆ ಹೋಲ್ಡನ್‌ಗೆ ಬೀಳುವುದು ಅಂದರೆ ಉಪಮೆ ಅಲ್ಲ. ಬಿದ್ದವನನ್ನು ಅವನು ಕಣ್ಣಾರೆ ನೋಡಿದ್ದಾನೆ, ತನ್ನ ಸ್ವೆಟರ್‌ನಲ್ಲಿ. ಕೊಟ್ಟ ಸ್ವೆಟರ್ ಹಿಡಿಯಲಿಲ್ಲ. ಅದಕ್ಕೇ ಈಗ ಕೈಯಲ್ಲೇ ಹಿಡಿಯಬೇಕು ಅನ್ನುತ್ತಿದ್ದಾನೆ.

ಕೊನೆಗೆ ತಿರುಗುವ ಕುದುರೆ. ಸಿದ್ಧಗಂಗೆ ಜಾತ್ರೆಗೆ ಹೋದವರಿಗೆ ರಾಟೆ, ಕುದುರೆ ಎಲ್ಲ ಗೊತ್ತು. ಅಮೆರಿಕದ ಹಳೇ ರಾಟೆಗಳಲ್ಲಿ ಒಂದು ವಿಶೇಷ ಇರುತ್ತಿತ್ತು. ಪಕ್ಕದಲ್ಲಿ ಉಂಗುರಗಳನ್ನು ಸಿಕ್ಕಿಸಿರುತ್ತಿದ್ದರು. ಕುದುರೆ ಸುತ್ತುವಾಗ ಬಗ್ಗಿ ಹಿತ್ತಾಳೆ ಉಂಗುರ ಕಿತ್ತುಕೊಂಡರೆ ಇನ್ನೊಂದು ಸುತ್ತು ಪುಕ್ಕಟೆ. ಫೀಬಿ ಕುದುರೆ ಮೇಲೆ ಕೂತು ಉಂಗುರಕ್ಕೆ ಕೈ ಚಾಚುತ್ತಾಳೆ. ಬಿದ್ದುಬಿಟ್ಟರೆ ಅಂತ ಹೋಲ್ಡನ್‌ಗೆ ಭಯ. ಆದರೂ ಸುಮ್ಮನಿರುತ್ತಾನೆ. ಮಕ್ಕಳು ಉಂಗುರಕ್ಕೆ ಕೈ ಹಾಕಿದರೆ ಹಾಕೋಕೆ ಬಿಡಬೇಕು, ಬಿದ್ದರೆ ಬೀಳಲಿ, ಏನೂ ಅನ್ನಬಾರದು ಅಂದುಕೊಳ್ಳುತ್ತಾನೆ. ಗೈಡ್‌ಗಳು ಇಲ್ಲಿ, ಹುಡುಗ ದೊಡ್ಡವನಾದ ಅಂತ ಬರೆದು ಮುಗಿಸುತ್ತವೆ.

ನಾನು ನೋಡುವುದು ಅದಾದ ಮೇಲಿನ ಮಳೆಯನ್ನು. ಧೋ ಅಂತ ಮಳೆ ಹಿಡಿಯುತ್ತೆ. ಅಪ್ಪ ಅಮ್ಮಂದಿರೆಲ್ಲ ಓಡಿ ಹೋಗಿ ರಾಟೆಯ ಚಾವಣಿ ಕೆಳಗೆ ನಿಲ್ಲುತ್ತಾರೆ. ಹೋಲ್ಡನ್ ಒಬ್ಬ ಬೆಂಚಿನ ಮೇಲೆ ನೆನೆಯುತ್ತಾ ಕೂತಿರುತ್ತಾನೆ. ಸ್ಮಶಾನದಲ್ಲಿ ಆಗಿದ್ದೂ ಇದೇ ಅಲ್ವಾ? ಮಳೆ ಬಂತು, ಎಲ್ಲರೂ ಓಡಿದರು, ಒಬ್ಬ ಮಾತ್ರ ಅಲ್ಲೇ ಉಳಿದ. ಈಗ ಹೋಲ್ಡನ್ ತಾನಾಗಿ ತಮ್ಮನ ಜಾಗದಲ್ಲಿ ಕೂತಿದ್ದಾನೆ. ಒಂದೇ ವ್ಯತ್ಯಾಸ, ತಲೆ ಮೇಲೆ ಟೋಪಿ ಇದೆ. ಸ್ವಲ್ಪ ಹೊತ್ತಿಗೆ ಮುಂಚೆ ಫೀಬಿ ಅವನ ಜೇಬಿಗೆ ಕೈ ಹಾಕಿ, ತಾನು ವಾಪಸ್ ಕೊಟ್ಟಿದ್ದ ಕೆಂಪು ಟೋಪಿ ತೆಗೆದು, ತಾನೇ ಅವನ ತಲೆಗೆ ಹಾಕಿದ್ದಾಳೆ. ಆ ಟೋಪಿ ಒಂದು ಥರದಲ್ಲಿ ಮಳೆಯನ್ನು ಸಾಕಷ್ಟು ತಡೆಯಿತು ಅನ್ನುತ್ತಾನೆ. ಆದರೂ ಪೂರ್ತಿ ನೆನೆಯುತ್ತಾನೆ. ಆ ‘ಒಂದು ಥರದಲ್ಲಿ’ ನನಗೆ ಇಷ್ಟ. ಸಾಲಿಂಜರ್ ಟೋಪಿಗೆ ಅದರ ಯೋಗ್ಯತೆಗಿಂತ ಜಾಸ್ತಿ ಕೆಲಸ ಕೊಡಲಿಲ್ಲ.

ಎಲ್ಲ ವಸ್ತುವನ್ನೂ ಹೀಗೆ ಅಗೆಯಬೇಕು ಅಂತೇನೂ ಇಲ್ಲ. ಆಕ್ಲಿಯ ಮೊಡವೆ, ಹಲ್ಲುಜ್ಜದ ಬಾಯಿ, ಇವೆಲ್ಲ ಬರೀ ಮೊಡವೆ ಮತ್ತು ಬಾಯಿ. ಒಬ್ಬ ವಿದ್ಯಾರ್ಥಿ ಅದರಲ್ಲೂ ಬಂಡವಾಳಶಾಹಿ ಸಮಾಜವನ್ನು ಕಂಡುಹಿಡಿದಿದ್ದ. ಮಾರ್ಕ್ಸ್ ಕೊಟ್ಟೆ, ಧೈರ್ಯಕ್ಕೆ.

ಪುಸ್ತಕ ಮುಗಿದ ದಿನ ಶಿರಾ ಹುಡುಗಿ, ‘ಹಾಗಾದ್ರೆ ನಿಜವಾಗಿ ಹಿಡಿಯೋಳು ಫೀಬೀನೇ ಅಲ್ವಾ ಮೇಡಂ?’ ಅಂದಳು. ಹೋಲ್ಡನ್ ಮಕ್ಕಳನ್ನು ಹಿಡಿಯಬೇಕು ಅಂದ, ಕೊನೆಗೆ ಮಗುವೇ ಅವನನ್ನು ಹಿಡಿಯಿತು ಅಂತ ಅವಳ ವಾದ. ಒಳ್ಳೆಯ ವಾದ. ಬಹಳ ಜನ ಒಪ್ಪುತ್ತಾರೆ. ನಾನು ಅರ್ಧ ಮಾತ್ರ ಒಪ್ಪಿದೆ. ಅವನು ನಿಜವಾಗಿ ಬೀಳುತ್ತಿದ್ದಿದ್ದು ಫಿಫ್ತ್ ಅವೆನ್ಯೂದಲ್ಲಿ. ಪ್ರತಿ ಸಲ ಫುಟ್‌ಪಾತ್ ಇಳಿಯುವಾಗ, ಇನ್ನು ಆ ಕಡೆ ತಲುಪಲ್ಲ, ಕೆಳಗೆ ಕೆಳಗೆ ಹೋಗಿಬಿಡುತ್ತೇನೆ ಅಂತ ಭಯ ಹತ್ತುತ್ತೆ. ಆಗ ಅವನು ಕರೆದಿದ್ದು ಫೀಬಿಯನ್ನಲ್ಲ. ಆಲಿ, ನಾನು ಮಾಯವಾಗದ ಹಾಗೆ ನೋಡಿಕೋ ಅಂತ ಬೇಡಿಕೊಳ್ಳುತ್ತಾನೆ. ರಸ್ತೆ ದಾಟಿದ ಮೇಲೆ ಆಲಿಗೆ ಥ್ಯಾಂಕ್ಸ್ ಹೇಳುತ್ತಾನೆ. ಸತ್ತ ತಮ್ಮನೇ ಅಣ್ಣನನ್ನು ರಸ್ತೆ ದಾಟಿಸುತ್ತಾನೆ.

‘ಮತ್ತೆ ಫೀಬಿ?’ ಅಂದಳು ಹುಡುಗಿ, ಬಿಡದೆ. ಫೀಬಿ ಮ್ಯೂಸಿಯಂ ಹತ್ತಿರ ಹೇಗೆ ಬಂದಳು ಅಂತ ಮತ್ತೆ ಓದು ಅಂದೆ. ಅಣ್ಣ ಊರು ಬಿಟ್ಟು ಪಶ್ಚಿಮಕ್ಕೆ ಓಡಿಹೋಗುತ್ತಾನೆ ಅಂತ ಅವಳಿಗೆ ಚೀಟಿ ಬಂದಿತ್ತು. ಅವಳು ಅವನನ್ನು ತಡೆಯೋಕೆ ಬರಲಿಲ್ಲ. ತಲೆ ಮೇಲೆ ಆ ಕೆಂಪು ಟೋಪಿ ಹಾಕಿಕೊಂಡು, ಅವನದೇ ಹಳೇ ಸೂಟ್‌ಕೇಸಿನಲ್ಲಿ ತನ್ನ ಬಟ್ಟೆ ತುಂಬಿಕೊಂಡು, ಎರಡು ಕೈಯಲ್ಲೂ ಎಳೆದುಕೊಂಡು ಬಂದಳು. ಜೊತೆಗೆ ಹೊರಡೋಕೆ.